ಮುನ್ನೂರ ಎರಡನೇ ಮನೆಯ ಪರೀಕ್ಷೆ

ಕೆಂಪರಾಜುವಿನ ಕಾರು ಬೆಳಗಿನ ಆರೂವರೆಗೆ ಮರಳವಾಡಿಯ ದಿಕ್ಕು ಹಿಡಿದು ಹೊರಟಾಗ, ಅದರ ಹಿಂದಿನ ಸೀಟಿನಲ್ಲಿ ಹದಿನೆಂಟು ಖಾಲಿ ಮನೆಗಳ ಕೀಲಿಕೈ ಗೊಂಚಲೂ ಹೊರಟುಹೋಯಿತು. ಕಾರು ಹೋಗಿ ಅರ್ಧ ಗಂಟೆಯಾದ ಮೇಲೆ ಈ ಸಂಗತಿ ಮ್ಯಾನೇಜರ್ ಅನಂತರಾಜುವಿಗೆ ತಿಳಿಯಿತು.

ರಾಮನಗರದ ಹಳೆಯ ಹೆದ್ದಾರಿಯ ಪಕ್ಕದಲ್ಲಿ ನಾಲ್ಕು ಅಂತಸ್ತು ಎತ್ತರಕ್ಕೆ ನಿಂತಿದ್ದ ಆ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತನಾಲ್ಕು ಮನೆಗಳಿದ್ದವು. ರೇಷ್ಮೆಗೂಡಿನ ವ್ಯಾಪಾರದಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ಕೆಂಪರಾಜು ಅದನ್ನು ಕಟ್ಟಿಸಿದ್ದ. ಮನೆ ನೋಡಲು ಬಂದವರಿಗೆ ಅನಂತರಾಜು, ಮುಂದೆ ತನ್ನನ್ನು ಬೈದಾರೆಂಬ ಭಯದಿಂದ, ನೀರು ದಿನ ಬಿಟ್ಟು ದಿನ ಬರುತ್ತದೆಂಬುದನ್ನೂ ಲಿಫ್ಟು ಮನಸ್ಸು ಬಂದಾಗ ಮಾತ್ರ ಏರುತ್ತದೆಂಬುದನ್ನೂ ಮೊದಲೇ ಹೇಳಿಬಿಡುತ್ತಿದ್ದ. ಹೀಗಾಗಿ ಎಂಟು ತಿಂಗಳಿಂದ ಒಂದು ಮನೆಯೂ ಬಾಡಿಗೆಗೆ ಹೋಗಿರಲಿಲ್ಲ.

ಮನೆ ತೋರಿಸಿ ಬಾಡಿಗೆಗೆ ಹಚ್ಚುವುದಕ್ಕೆಂದೇ ಬೇರೆ ಒಬ್ಬರನ್ನು ನೇಮಿಸಬೇಕೆಂದು ಕೆಂಪರಾಜು ಅಪ್ಪಣೆ ಮಾಡಿದ್ದ. ಹಿಂದಿನ ದಿನ ಆಫೀಸಿನ ಬಾಗಿಲಲ್ಲಿ ನಿಂತು ಅವನು ಆಡಿದ ಮಾತು ಅನಂತರಾಜುವಿನ ಕಿವಿಯಲ್ಲಿ ಇನ್ನೂ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು.

"ನೋಡು ಅನಂತರಾಜು, ನಾಳಿದ್ದು ಅಮಾಸೆ, ಆಚೆನಾಳಿದ್ದಿಂದ ಆಷಾಢ. ಒಂದು ತಿಂಗಳು ಯಾವ ನರಮನುಷ್ಯನೂ ಮನೆ ಬದಲಾಯ್ಸಕ್ಕಿಲ್ಲ. ನಾಳೆ ಸಾಯಂಕಾಲದೊಳಗೆ ಚುರುಕಾದ ಒಬ್ರು ಕೆಲಸಕ್ಕೆ ಸೇರಿರ್ಬೇಕು, ಅವ್ರ ಕೈಲಿ ಒಂದು ಮನೆನಾದ್ರೂ ಬಾಡಿಗೆಗೆ ಹೋಗಿರ್ಬೇಕು. ಇಲ್ಲ ಅಂದ್ರೆ ನೀನೂ ಗಂಟುಮೂಟೆ ಕಟ್ಕೊ."

ಗಂಟುಮೂಟೆಯೆಂಬ ಮಾತು ಅಲಂಕಾರಕ್ಕೆ ಆಡಿದ್ದಲ್ಲ. ಕೆಲಸದ ಜೊತೆಗೆ ಅನಂತರಾಜುವಿಗೆ ಬಾಡಿಗೆಯಿಲ್ಲದೆ ದೊರೆತಿದ್ದುದು ಮೂರನೇ ಮಹಡಿಯ ಮುನ್ನೂರ ಎರಡನೇ ನಂಬರಿನ ಮನೆ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಏಳು ಬಾಡಿಗೆ ಮನೆಗಳ ಹೊಸಿಲು ತುಳಿದು, ಏಳು ಮಂದಿ ಮನೆಯೊಡತಿಯರ ನಾಲಗೆಗೆ ಸಿಕ್ಕಿ ಬಂದವಳು ಅವನ ಹೆಂಡತಿ ಲತಾಮಣಿ. ಈ ಮನೆಗೆ ಬಂದ ದಿನ ಗೋಡೆಗೆ ಮೊಳೆ ಹೊಡೆಯುತ್ತ ಅವಳು ಅಂದಿದ್ದಳು: "ಯಾರನ್ನೂ ಕೇಳ್ದೆ ಮೊಳೆ ಹೊಡೀತಿರೋ ಮೊದಲ್ನೇ ಮನೆ ಕಣ್ರೀ ಇದು. ಇದನ್ನೂ ಕಳೆದ್ರೆ ನಾನು ಸೀದಾ ಮಾಗಡಿ ಬಸ್ಸು ಹತ್ತೋಳೇ. ತಿರುಗಿ ನೋಡೋಳಲ್ಲ." ತಂಗಿಯ ಮಗುವಿನ ನಾಮಕರಣಕ್ಕೆಂದು ಅವಳು ಈಗ ಮಾಗಡಿಯಲ್ಲೇ ಇದ್ದಳು, ಸಂಜೆಯ ಬಸ್ಸಿಗೆ ಹಿಂತಿರುಗುವವಳಿದ್ದಳು.

ಅನಂತರಾಜು ಕೆಂಪರಾಜುವಿಗೆ ಫೋನು ಒತ್ತಿದ.

"ಯಜಮಾನ್ರೇ, ಕೀ ಗೊಂಚಲು ನಿಮ್ ಕಾರಲ್ಲೇ ಹೋಗ್ಬುಟ್ಟೈತೆ. ಪರೀಕ್ಷೆಗೆ ಬಂದೋರ್ಗೆ ಯಾವ ಮನೆ ತೋರಿಸ್ಲಿ?"

"ಅದಕ್ಯಾಕ್ಲಾ ಅಷ್ಟು ಗಾಬರಿ? ಇಲ್ಲಿ ಬೀಗರ ಮನೇಲಿ ನ್ಯಾಯ ಪಂಚಾಯ್ತಿ ಐತೆ, ಸಾಯಂಕಾಲ ಬತ್ತೀನಿ. ನಿನ್ನ ಮನೆ ಬಾಗಿಲು ತೆಗೆದೈತಲ್ಲ, ಅದನ್ನೇ ತೋರ್ಸು. ಡಿಗ್ರಿ ಗಿಗ್ರಿ ಕೇಳ್ಬ್ಯಾಡ. ಗೂಡು ಕೊಳ್ಳೋವಾಗ ರೈತ ಏನಂತಾನೆ ಅಂತ ಕೇಳ್ತೀವಾ? ಒಂದ್ ಗೂಡು ಎತ್ತಿ ಕಿವಿ ತಾವ ಅಲ್ಲಾಡ್ಸಿ ನೋಡ್ತೀವಿ. ಅಂಗೇ ಅಲ್ಲಾಡ್ಸಿ ನೋಡು!"

ಅಲ್ಲಾಡಿಸಲು ಉಳಿದಿದ್ದವರು ಮೂವರೇ. ಬಂದ ಇಪ್ಪತ್ತೇಳು ಅರ್ಜಿಗಳನ್ನು ಅನಂತರಾಜು ಮೂರು ದಿನ ಕುಳಿತು ಜರಡಿ ಹಿಡಿದಿದ್ದ. ಅವುಗಳಲ್ಲಿ ಹನ್ನೊಂದು ಅರ್ಜಿಗಳು ಕೆಲಸಕ್ಕಲ್ಲದೆ ಮನೆಗಾಗಿ ಬಂದಿದ್ದವು, ಅದೂ ಅರ್ಧ ಬಾಡಿಗೆಗೆ. ಒಂಬತ್ತು ಅರ್ಜಿಗಳ ತಲೆಯ ಮೇಲೆ 'ಇವರು ನಮ್ಮೋರು' ಎಂದಷ್ಟೇ ಬರೆದು, ಯಾರಿಗೆ ಎಂಬುದನ್ನು ಬಿಟ್ಟಿದ್ದರು. ಒಂದರ ಜೊತೆಗೆ ಹುಡುಗಿಯ ಜಾತಕವಿತ್ತು. ಮೂವರು ತಮ್ಮ ಹೆಸರನ್ನೇ ಬರೆಯಲು ಮರೆತಿದ್ದರು. ಉಳಿದವರು ಪುನೀತ್, ಮಕ್ಬೂಲ್ ಮತ್ತು ನಯನಾ.

ಮನೆ ತೋರಿಸಿ ಗಿರಾಕಿಯನ್ನು ಒಪ್ಪಿಸುವುದೇ ಪರೀಕ್ಷೆ. ಅದಕ್ಕೆ ಗಿರಾಕಿಯ ವೇಷ ಹಾಕುವವರೊಬ್ಬರು ಬೇಕಾಗಿದ್ದರು. ಪಕ್ಕದ ಮುನ್ನೂರ ಒಂದನೇ ಮನೆಯ ಬಾಡಿಗೆದಾರಳಾದ ಕಾವೇರಮ್ಮ, ಯಾರೂ ಕರೆಯದೆಯೇ, ತಲೆಗೆ ಹೂ ಮುಡಿದು, ಕೈಯಲ್ಲಿ ಚೀಲ ಹಿಡಿದು ಬಂದು ನಿಂತಳು.

"ನಾನೇ ಗಿರಾಕಿ ಆಯ್ತೀನಿ ಬುಡು ಅನಂತಪ್ಪ. ಇಂಥದ್ದೆಲ್ಲ ನನಗೆ ನೀರು ಕುಡ್ದಂಗೆ."

ಮೊದಲು ಬಂದವನು ಹಾರೋಹಳ್ಳಿಯ ಪುನೀತ್. ಕಪ್ಪು ಕನ್ನಡಕವನ್ನು ಮನೆಯೊಳಗೂ ತೆಗೆಯದ ಅವನು ಮೊದಲು ಗೋಡೆಗೆ, ಆಮೇಲೆ ಫ್ರಿಜ್ಜಿಗೆ ಡಿಕ್ಕಿ ಹೊಡೆದ. ಆದರೂ ಮಾತು ನಿಲ್ಲಿಸಲಿಲ್ಲ.

"ಆಂಟಿ, ಇಲ್ಲಿ ಜಿಮ್ ಐತೆ, ಸ್ವಿಮ್ಮಿಂಗ್ ಪೂಲ್ ಐತೆ, ಮೇಲ್ಗಡೆ ಹೆಲಿಕಾಪ್ಟ್ರು ಇಳಿಯೋ ಜಾಗ ಐತೆ."

ಕಾವೇರಮ್ಮನ ಮುಖ ಒಲೆಯ ಮೇಲಿನ ಹಂಚಾಯಿತು. "ಯಾವಳೋ ನಿನ್ನ ಆಂಟಿ? ನನ್ನ ಮಗಂಗೆ ಇನ್ನೂ ಮೀಸೆ ಬಂದಿಲ್ಲ. ಇಲ್ಲಿ ಬಕೀಟಿಗೇ ನೀರಿಲ್ಲ, ಪೂಲಂತೆ ಪೂಲು! ಮೂರು ವರ್ಷದಿಂದ ಇಲ್ಲೇ ಇವ್ನಿ, ಎಲ್ಲಿ ತೋರ್ಸು ಹೆಲಿಕಾಪ್ಟ್ರು!"

ಗಿರಾಕಿ ಪಕ್ಕದ ಮನೆಯವಳೇ ಎಂದು ಅರಿವಾದ ಕೂಡಲೇ ಪುನೀತ್ ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದುಹೋದ.

ಎರಡನೆಯವನಾದ ಚನ್ನಪಟ್ಟಣದ ಮಕ್ಬೂಲ್ ಐವತ್ತು ದಾಟಿದ ಮನುಷ್ಯ. ಇಪ್ಪತ್ತೈದು ವರ್ಷ ಮರದ ಗೊಂಬೆಗಳ ಅಂಗಡಿಯಲ್ಲಿ ವ್ಯಾಪಾರ ಮಾಡಿದವನು. ಅವನ ಮೆದು ಮಾತು ಕೇಳಿ ಅನಂತರಾಜುವಿಗೆ ಉಸಿರು ಬಂತು. ಆದರೆ ಮಕ್ಬೂಲನಿಗೆ ಮರವನ್ನು ಬೆರಳಿಂದ ತಟ್ಟಿ ಗಟ್ಟಿಯೋ ಟೊಳ್ಳೋ ನೋಡುವ ಹಳೆಯ ಅಭ್ಯಾಸವಿತ್ತು. ಅವನು ಮಾತನಾಡುತ್ತಲೇ ಗೋಡೆಯನ್ನು ತಟ್ಟಿದ. ಕಿವಿಗೊಟ್ಟ. ಮತ್ತೆ ತಟ್ಟಿದ. ಕ್ಯಾಲೆಂಡರು ಎತ್ತಿ ಅದರ ಹಿಂದಿನ ತೇವದ ಕಲೆಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಕಾವೇರಮ್ಮನ ಕಡೆ ತಿರುಗಿ, ಸ್ವಂತ ಅಕ್ಕನಿಗೆ ಹೇಳುವವನಂತೆ ದನಿ ತಗ್ಗಿಸಿದ.

"ಅಕ್ಕಾ, ಕೆಲಸ ಹೋದ್ರೆ ಹೋಗ್ಲಿ, ಸುಳ್ಳು ಹೇಳಾಕಿಲ್ಲ. ಈ ಕಡೆ ಗೋಡೆ ಪೂರಾ ಟೊಳ್ಳು. ಬಿಲ್‌ಕುಲ್ ತಗೋಬ್ಯಾಡಿ."

"ಈ ಕಡೆ ಗೋಡೆ ಅಂದ್ರೆ? ಅದರಾಚೆ ನಮ್ಮನೆ ಕಣಯ್ಯಾ!"

"ಹಂಗಾದ್ರೆ ನಿಮ್ದೂ ಟೊಳ್ಳು ಅಕ್ಕ."

ಕಾವೇರಮ್ಮ ಚೀಲ ಕೆಳಗೆ ಹಾಕಿದಳು. "ಅನಂತಪ್ಪಾ! ತಿಂಗಳು ತಿಂಗಳು ಬಾಡಿಗೆ ಎಣ್ಸಿ ಕೊಟ್ಟು ಟೊಳ್ಳು ಗೋಡೆಗೆ ತಲೆ ಕೊಟ್ಟು ಮಲಗಿವ್ನಾ ನಾನು? ಇವತ್ತೇ ಖಾಲಿ ಮಾಡ್ತೀನಿ. ಆಷಾಢಕ್ಕೆ ಮುಂಚೆ ಬೇರೆ ಮನೆ ನೋಡ್ಕತೀನಿ!"

ತುಂಬಬೇಕಾದ ದಿನವೇ ಇನ್ನೊಂದು ಮನೆ ಖಾಲಿಯಾಗುವ ಲಕ್ಷಣ ಕಂಡು ಅನಂತರಾಜು ಬಾಗಿಲಿಗೆ ಅಡ್ಡ ನಿಂತ. ಅವನು ಕೈ ಮುಗಿದ. ಸಾಯಂಕಾಲದವರೆಗೆ ತಡೆಯಬೇಕೆಂದು ಬೇಡಿದ. ಕಾವೇರಮ್ಮ ಕೊನೆಗೆ ತುಸು ಕರಗಿದಳು.

"ಸಾಯಂಕಾಲದಗಂಟ ತಡೀತೀನಿ. ಗಿರಾಕಿ ಪಾರ್ಟು ಇನ್ನು ನನ್ನ ಕೈಲಾಗಾಕಿಲ್ಲ, ಎದೆ ಹೊಡ್ಕತೈತೆ. ಕೂಟಗಲ್ಲಿಂದ ನಮ್ಮಣ್ಣ ತಿಮ್ಮಯ್ಯನ್ನ ಕರೆಸ್ತೀನಿ. ಊರ ನಾಟಕದಾಗೆ ಮೂರು ವರ್ಷದಿಂದ ರಾಜನ ಪಾರ್ಟು ಅವಂದೇ. ನಿಜವೋ ನಾಟಕವೋ ಅಂತ ನೀನೇ ತಬ್ಬಿಬ್ಬಾಗ್ಬೇಕು, ಅಂಗೆ ಮಾಡ್ತಾನೆ."

ಅನಂತರಾಜು ಅರ್ಧ ಮುದ್ದೆ ನುಂಗಿ, ಉಳಿದರ್ಧ ನುಂಗಲಾರದೆ ಎದ್ದು, ಮೂರು ಗಂಟೆಯವರೆಗೆ ವರಾಂಡದಲ್ಲಿ ಶತಪಥ ಹಾಕಿದ. ಮೂರು ಗಂಟೆಗೆ ಮೆಟ್ಟಿಲಲ್ಲಿ ಹೆಜ್ಜೆಗಳ ಸದ್ದಾಯಿತು. ಐಜೂರಿನ ನಯನಾ ಮೇಲೆ ಬಂದಳು. ಮದುವೆ ಜವಳಿಯ ಅಂಗಡಿಯಲ್ಲಿ ಎರಡು ವರ್ಷ ಸೀರೆ ಬಿಚ್ಚಿ ಮಡಿಸಿದ ಹುಡುಗಿ. ಅವಳ ಹಿಂದೆಯೇ, ಹೆಗಲ ಮೇಲೆ ಟವೆಲು ಹಾಕಿದ ಒಬ್ಬ ಮುದುಕ, ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ಒಬ್ಬ ಮುದುಕಿ.

"ಇವ್ರು ಮನೆ ನೋಡಕ್ಕೆ ಬಂದವ್ರೆ ಸಾರ್. ಗೇಟಲ್ಲಿ ಸಿಕ್ಕಿದ್ರು," ಎಂದಳು ನಯನಾ.

ಅನಂತರಾಜು ಮನಸ್ಸಿನಲ್ಲೇ ಕಾವೇರಮ್ಮನಿಗೆ ದೊಡ್ಡ ನಮಸ್ಕಾರ ಹಾಕಿದ. ಅಣ್ಣನನ್ನಷ್ಟೇ ಕರೆಸುವೆನೆಂದವಳು ಅತ್ತಿಗೆಯನ್ನೂ ಕರೆಸಿದ್ದಳು! ಆ ಏದುಸಿರು, ಆ ಕುಂಟು, ಕಂಕುಳಲ್ಲಿ ಅವಚಿಕೊಂಡ ಆ ಗೋಣಿಚೀಲ! ಕೂಟಗಲ್ಲಿನ ಕಲಾವಿದರೆಂದರೆ ಸಾಮಾನ್ಯರಲ್ಲ.

"ಬನ್ನಿ, ಬನ್ನಿ! ನಯನಾ, ಇವತ್ತು ಬಾಡಿಗೆಗೆ ಕೊಡಬೇಕಾಗಿರೋದು ಇದೇ ಮನೆ ಅಂತ ತಿಳ್ಕೊಂಡು ಶುರು ಮಾಡಮ್ಮ."

ಮುದುಕ ತನ್ನ ಹೆಸರು ಕೆಂಚಯ್ಯ, ಹೆಂಡತಿ ಅಂಕಮ್ಮ, ಊರು ಮರಳವಾಡಿಯ ಪಕ್ಕ ಎಂದ. ಮೊಮ್ಮಕ್ಕಳು ಮೂವರು ಇಲ್ಲಿ ಹೈಸ್ಕೂಲು ಸೇರಿದ್ದಾರೆ, ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಕಷ್ಟ, ಅದಕ್ಕೇ ಮನೆ ಎಂದ. ಹೆಸರನ್ನೂ ಊರನ್ನೂ ಬದಲಿಸಿ, ಒಂದು ಕತೆಯನ್ನೂ ಹೊಸೆದುಕೊಂಡು ಬಂದ ಆ ಪೂರ್ವಸಿದ್ಧತೆಗೆ ಅನಂತರಾಜು ಬೆರಗಾದ.

ನೀರು, ಲಿಫ್ಟಿನ ಕತೆಯನ್ನು ಗೇಟಿನಲ್ಲೇ ವಿಚಾರಿಸಿಕೊಂಡು ಬಂದಿದ್ದ ನಯನಾ ಜಿಮ್ಮಿನ ಮಾತೆತ್ತಲಿಲ್ಲ. ಅಂಕಮ್ಮನನ್ನು ಮೊದಲು ಸೋಫಾದ ಮೇಲೆ ಕೂರಿಸಿ ನೀರು ಕೊಟ್ಟಳು.

"ಮಂಡಿ ನೋವು ಎಷ್ಟು ದಿನದಿಂದ ಅಜ್ಜಿ?"

"ಅಯ್ಯೋ, ಅದ್ಯಾಕೆ ಕೇಳ್ತೀಯವ್ವ. ಇಲ್ಲಿ ನೀರೆಂಗೆ?"

"ದಿನ ಬುಟ್ಟು ದಿನ ಬತ್ತದೆ ಅಜ್ಜಿ. ಬರದ ದಿನ ಬಟ್ಟೆ ಒಗೆಯಂಗಿಲ್ಲ, ನೆಲ ಒರೆಸಂಗಿಲ್ಲ. ದಿನಾ ನೀರು ಬರೋ ಮನೇಲಿ ನಿಮ್ಮ ಮಂಡಿಗೆ ರಜಾ ಕೊಡೋರ್ಯಾರು?"

ಅಂಕಮ್ಮ ಗಂಡನ ಮುಖ ನೋಡಿ ತಲೆದೂಗಿದಳು. ಎಂಟು ತಿಂಗಳಿಂದ ತಾನು ಪಾಪವೆಂಬಂತೆ ಒಪ್ಪಿಕೊಳ್ಳುತ್ತಿದ್ದ ಸಂಗತಿಯನ್ನು ಈ ಹುಡುಗಿ ಪುಣ್ಯವನ್ನಾಗಿ ಮಾಡಿದ್ದನ್ನು ಕಂಡು ಅನಂತರಾಜು ಚಪ್ಪಾಳೆ ತಟ್ಟಿದ. ಬಾಲ್ಕನಿಯ ಬಿಸಿಲು ತೋರಿಸಿ ನಯನಾ ಸಂಡಿಗೆ ಒಣಗಿಸುವ ಮಾತಾಡಿದಳು. ಲಿಫ್ಟು ಕೆಟ್ಟು ನಿಂತರೆ ಬೇಡದ ನೆಂಟರು ಕೆಳಗಿನಿಂದಲೇ ವಾಪಸಾಗುತ್ತಾರೆಂದಳು. ಕೇಳುತ್ತ ಕೇಳುತ್ತ ಅನಂತರಾಜುವಿಗೇ ಈ ಮನೆಯನ್ನು ಬಾಡಿಗೆಗೆ ಹಿಡಿಯಬೇಕೆನ್ನಿಸಿತು.

"ಈ ಸೋಪಾನೂ ಮನೆ ಜೊತೇಗೇಯಾ?" ಎಂದಳು ಅಂಕಮ್ಮ.

ನಯನಾ ಅನಂತರಾಜುವಿನ ಕಡೆ ನೋಡಿದಳು. ನಾಟಕಕ್ಕೆ ಜಿಪುಣತನವೇಕೆಂದು ಅವನು ಕೈ ಬೀಸಿದ. "ಸೋಫಾನೂ ಸೇರಿ!"

"ಪ್ರಿಜ್ಜು?"

"ಫ್ರಿಜ್ಜೂ ಸೇರಿ ಅಜ್ಜಿ!"

"ಮಂಚ? ಟೀವಿ?"

"ಎಲ್ಲಾ ನಿಮ್ದೇ!"

"ಬಲು ದೊಡ್ಡ ಮನಸು ಕಣಪ್ಪ ನಿಂದು. ಗೋಡೆ ಮ್ಯಾಲಿರೋ ಆ ಗಂಡ ಹೆಂಡಿರ ಪೋಟೋ ಮಾತ್ರ ನೀವೇ ಇಟ್ಕೊಳ್ಳಿ. ಆ ಯಮ್ಮ ನನ್ನನ್ನೇ ದುರುಗುಟ್ಟಿ ನೋಡ್ದಂಗೈತೆ."

ಲತಾಮಣಿಯ ಮದುವೆಯ ಫೋಟೋವನ್ನು ಕುರಿತ ಈ ಮಾತಿಗೆ ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳಗಿನಿಂದ ಅವನು ನಕ್ಕಿದ್ದು ಅದೊಂದೇ ಸಲ. ನಯನಾ ಆಫೀಸಿನಿಂದ ತಂದ ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಮುನ್ನೂರ ಎರಡು ಎಂದು ತುಂಬಿದಳು. ಕೆಂಚಯ್ಯ ಟವೆಲಿನ ಗಂಟು ಬಿಚ್ಚಿ ಅನಂತರಾಜುವಿನ ಕೈಗೆ ಅಡ್ವಾನ್ಸು ಇಟ್ಟು, ರುಜು ಹಾಕಿದ. ಆ ದುಡ್ಡನ್ನೂ ನಾಟಕದ ಸಾಮಾನೆಂದೇ ಬಗೆದು, ಆಫೀಸಿನ ಸೀಲು ಒತ್ತಿ, ಉತ್ತರ ಪತ್ರಿಕೆಗೆ ಮೇಷ್ಟ್ರು ಹಾಕುವ ಹಾಗೆ ಅನಂತರಾಜುವೂ ಕೆಳಗೆ ರುಜು ಎಳೆದ. ಅಷ್ಟರಲ್ಲಿ ಅಂಕಮ್ಮ ಚೀಲದಿಂದ ದೇವರ ಪಟವನ್ನೂ ಹಾಲಿನ ಪಾತ್ರೆಯನ್ನೂ ತೆಗೆದು ಅಡುಗೆಮನೆ ಹೊಕ್ಕಿದ್ದಳು. ನಾಳೆ ಅಮಾಸೆ, ಇವತ್ತೇ ಒಳ್ಳೆ ದಿನ ಎನ್ನುತ್ತ ಲತಾಮಣಿಯ ಒಲೆಯ ಮೇಲೆ ಹಾಲಿಟ್ಟಳು. ಹಾಲು ಉಕ್ಕಿ ನಾಲ್ಕು ಕಡೆಗೂ ಹರಿಯಿತು.

"ಅಬ್ಬಾ, ಎಂಥಾ ಕಲೆ!" ಎಂದ ಅನಂತರಾಜುವಿನ ಕಣ್ಣು ತುಂಬಿತು. "ನಯನಾ, ಕೆಲಸ ನಿಂದೇ. ಈಗ್ಲೇ ಸೇರ್ಕೊ."

ಅವನು ಎದೆ ಹಗುರವಾಗಿ ಕೆಳಗಿಳಿದು, ನಯನಾಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಏರಿಸಿ, ಟೀ ತರಿಸಿ ಕುಡಿದ. ಐದೂವರೆಗೆ ಆಫೀಸಿನ ಬಾಗಿಲಲ್ಲಿ, ಮೀಸೆಗೆ ಹೊಸದಾಗಿ ಕಪ್ಪು ಬಳಿದು, ಜರಿ ರುಮಾಲು ಸುತ್ತಿದ ಒಬ್ಬ ಭಾರಿ ಆಸಾಮಿ ನಿಂತಿದ್ದ.

"ಎಲ್ಲಪ್ಪಾ ಮ್ಯಾನೇಜ್ರು? ದಾರೀಲಿ ಬಸ್ಸು ಕೆಟ್ಟು ತಡವಾಗ್ಬುಡ್ತು. ನನ್ನ ಪಾರ್ಟು ಯಾವಾಗ?"

"ಯಾವ ಪಾರ್ಟು? ನೀವ್ಯಾರು?"

"ಕಾವೇರಿ ಅಣ್ಣ ತಿಮ್ಮಯ್ಯ ಕಣಯ್ಯಾ! ಮಾತು ಪೂರಾ ಬಾಯಿಪಾಠ ಮಾಡ್ಕೊಂಡು ಬಂದಿವ್ನಿ. ಕೇಳು: ಎಲೈ ಮನೆಗಾವಲಿನವನೇ, ಈ ಸೌಧವು ಬಾಡಿಗೆಗೆ ಉಂಟೋ?"

ಹಾಗಾದರೆ ಮೇಲೆ ಹಾಲುಕ್ಕಿಸಿದವರು ಯಾರು ಎನ್ನುತ್ತ ಅನಂತರಾಜು ಎದ್ದು ನಿಂತ. ಅದೇ ಹೊತ್ತಿಗೆ ಗೇಟಿನೊಳಕ್ಕೆ ಒಂದು ಲಗೇಜು ಆಟೋ ಬಂದು, ಅದರಿಂದ ಎರಡು ಮೂಟೆ ರಾಗಿ, ಒಂದು ಒರಳುಕಲ್ಲು, ಮೂವರು ಮೊಮ್ಮಕ್ಕಳು ಇಳಿದರು. ಅವನು ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದ. ಹಿಂದೆಯೇ ತಿಮ್ಮಯ್ಯ ರುಮಾಲು ಹಿಡಿದುಕೊಂಡು, ಪಾರ್ಟು ಎಲ್ಲಿ ತಪ್ಪಿಹೋಗುವುದೋ ಎಂದು ಓಡಿಬಂದ.

"ಅಜ್ಜಾ, ತಪ್ಪಾಗೋಯ್ತು! ಇದು ಬರೀ ಪರೀಕ್ಷೆ. ಇದು ನಾನಿರೋ ಮನೆ!"

ಕೆಂಚಯ್ಯ ಸೋಫಾದಿಂದ ಏಳಲಿಲ್ಲ. "ನೀನೇ ಕೈಯಾರ ಅಡ್ವಾನ್ಸು ಈಸ್ಕಂಡೆ, ಸೀಲು ಹೊಡ್ದೆ, ರುಜು ಹಾಕ್ದೆ. ಹಾಲು ಉಕ್ಕಿದಾಗ ಕಣ್ಣೀರೂ ಹಾಕ್ದೆ. ಅದೆಲ್ಲ ನಾಟ್ಕವಾ?"

"ನಾಟಕ ಮಾಡೋನು ನಾನು!" ಎಂದು ತಿಮ್ಮಯ್ಯ ಎದೆ ತಟ್ಟಿಕೊಂಡ.

ಅನಂತರಾಜು ಅಂಕಮ್ಮನ ಪಕ್ಕದಲ್ಲಿದ್ದ ನಯನಾಳ ಕಡೆ ತಿರುಗಿದ. "ಅವ್ರು ನಿಜವಾದ ಗಿರಾಕಿ ಅಂತ ನೀನಾದ್ರೂ ಹೇಳ್ಬಾರ್ದಿತ್ತೇನಮ್ಮಾ?"

"ಬಂದ ತಕ್ಷಣ ಹೇಳಿದ್ನಲ್ಲ ಸಾರ್. ನೀವು ಚಪ್ಪಾಳೆ ತಟ್ತಿದ್ರಿ. ಈ ಬಿಲ್ಡಿಂಗಲ್ಲಿ ಪದ್ಧತಿ ಹಿಂಗೇ ಏನೋ ಅನ್ಕೊಂಡೆ."

ಕೆಂಪರಾಜು ಮೇಲೆ ಬಂದದ್ದು ಆಗಲೇ. ಬೀಗರ ಮನೆಯ ಪಂಚಾಯಿತಿಯನ್ನು ಗೆದ್ದು ಬಂದಿದ್ದ ಅವನು ಕರಾರು ಪತ್ರ ನೋಡಿದ, ಉಕ್ಕಿದ ಹಾಲು ನೋಡಿದ, ಮೀಸೆಯ ಮೇಲೆ ಕೈಯಾಡಿಸಿದ.

"ಭೇಷ್! ಎಂಟು ತಿಂಗಳಾದ ಮ್ಯಾಲೆ ಒಂದು ಮನೆ ಹೋಯ್ತು."

"ಯಜಮಾನ್ರೇ, ಅದು ನನ್ನ ಮನೆ!"

"ಕರಾರಿನಾಗೆ ರುಜು ಯಾರ್ದು? ಹಾಲುಕ್ಕಿಸಿದ ಮನೆಯಿಂದ, ಅದೂ ಅಮಾಸೆ ಹಿಂದ್ಲ ದಿನ, ಮಂಡಿ ನೋವಿನ ಮುದುಕೀನ ಎಬ್ಬಿಸಿದ್ರೆ ಈ ಬಿಲ್ಡಿಂಗಿಗೆ ಇನ್ನು ಕಾಗೆನೂ ಬರಾಕಿಲ್ಲ. ಆಗಾಕಿಲ್ಲ ಕಣ್ಲಾ."

ಪಕ್ಕದ ಮನೆಯಿಂದ ಪಾತ್ರೆ ಕಟ್ಟುವ ಸದ್ದು ಕೇಳಿಸಿತು. ಕಾವೇರಮ್ಮ ಹೇಳಿದ ಮಾತಿನಂತೆ ಖಾಲಿ ಮಾಡಲು ಸಿದ್ಧಳಾಗುತ್ತಿದ್ದಳು. ಅನಂತರಾಜು ಬಾಯಿ ತೆರೆಯುವ ಮೊದಲೇ ನಯನಾ ಅಲ್ಲಿಗೆ ಹೋಗಿ, ಟೊಳ್ಳು ಗೋಡೆಯ ಮನೆ ಬೇಸಿಗೆಯಲ್ಲಿ ತಂಪು, ಇಂಥದಕ್ಕೆ ಬೇರೆ ಕಡೆ ಹೆಚ್ಚು ಬಾಡಿಗೆ ಕೇಳುತ್ತಾರೆ ಎಂದು ತಿಳಿಹೇಳಿದಳು. ಪಾತ್ರೆಗಳು ಮತ್ತೆ ಕಪಾಟು ಸೇರಿದವು. ಬರುವಾಗ ಅವಳು ಪಾರ್ಟು ಸಿಗದೆ ಮುನಿದಿದ್ದ ತಿಮ್ಮಯ್ಯನಿಗೆ, ನಿಮ್ಮ ಗಾಂಭೀರ್ಯಕ್ಕೆ ನೆಲಮಹಡಿಯ ಮನೆಯೇ ತಕ್ಕದ್ದೆಂದು ಹೇಳಿ ಅವನ ಹೆಸರನ್ನೂ ಬರೆದುಕೊಂಡಳು. ಇಷ್ಟನ್ನೂ ಕೆಂಪರಾಜು ಒಳ್ಳೆಯ ಗೂಡನ್ನು ಬೆಳಕಿಗೆ ಹಿಡಿದು ನೋಡುವವನಂತೆ ನೋಡುತ್ತಿದ್ದ.

ಅನಂತರಾಜುವಿನ ಫೋನು ಬಡಿದುಕೊಂಡಿತು.

"ರೀ, ಬಸ್ಟ್ಯಾಂಡಲ್ಲಿ ಇಳ್ದೆ. ಲಗೇಜು ಜಾಸ್ತಿ ಐತೆ. ಅಮ್ಮ ಹೊಸ ಪರದೆ ಹೊಲಿಸಿಕೊಟ್ಟವ್ಳೆ, ನಮ್ಮನೆ ಹಾಲಿಗೆ. ಬೇಗ ಬನ್ನಿ."

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೆಂಪರಾಜುವಿನ ಮುಂದೆ ನಿಂತ. "ಯಜಮಾನ್ರೇ, ಕೀ ಗೊಂಚಲು ಬಂತಲ್ಲ. ಖಾಲಿ ಮನೆ ಹದಿನೆಂಟು ಅವೆ. ಒಂದನ್ನ ಈಗ್ಲೇ ತೆಗೆಸಿಕೊಡಿ. ಇನ್ನು ಹತ್ತು ನಿಮಿಷ ಐತೆ."

"ಬಾಡಿಗೆ ವಿಚಾರಕ್ಕೆಲ್ಲ ಇನ್ನು ನಾನು ಕೈ ಹಾಕಕ್ಕಿಲ್ಲಪ್ಪ. ಆಯಮ್ಮನ್ನ ಕೇಳು."

ಅವರಿಬ್ಬರೂ ಕೆಳಗಿಳಿದು ಬರುವಷ್ಟರಲ್ಲಿ ನಯನಾ ಆಗಲೇ ಆಫೀಸಿನ ಕುರ್ಚಿಯಲ್ಲಿ ಕುಳಿತು ಬಾಡಿಗೆದಾರರ ಅರ್ಜಿ ನಮೂನೆಯನ್ನು ಹರಡಿಕೊಂಡಿದ್ದಳು. ಅನಂತರಾಜು ಎದುರಿನ ಸ್ಟೂಲಿನ ಅಂಚಿನಲ್ಲಿ ಕುಳಿತ.

"ಹೆಸರು ನನಗೆ ಗೊತ್ತು ಸಾರ್. ಮನೇಲಿ ಎಷ್ಟು ಜನ?"

"ಇಬ್ಬರು." ಆಮೇಲೆ ಮಾಗಡಿಯ ಬಸ್ಸನ್ನು ನೆನೆದು ಸೇರಿಸಿದ, "ಸದ್ಯಕ್ಕೆ."

"ಸಾಮಾನು?"

"ಒಂದು ಫೋಟೋ."

ನಯನಾ ಬರೆದುಕೊಂಡಳು. ಪೆನ್ನು ಮುಂದಿನ ಸಾಲಿಗೆ ಇಳಿಯಿತು.

"ಉದ್ಯೋಗ ಏನಂತ ಬರ್ಕೊಳ್ಳಲಿ ಸಾರ್?"

ಅನಂತರಾಜು ಕೆಂಪರಾಜುವಿನ ಮುಖ ನೋಡಿದ. ಕೆಂಪರಾಜು ಕುರ್ಚಿಯಲ್ಲಿ ಕುಳಿತಿದ್ದ ನಯನಾಳನ್ನೊಮ್ಮೆ, ಸ್ಟೂಲಿನ ಮೇಲಿದ್ದ ಅನಂತರಾಜುವನ್ನೊಮ್ಮೆ ನೋಡಿ, ಚಾವಣಿಯ ಫ್ಯಾನಿನ ಕಡೆ ಕಣ್ಣು ಹಾಯಿಸಿದ.

"ಅದೊಂದನ್ನ ಖಾಲಿ ಬುಡವ್ವ."